ಗೋಡೆಯಾಚೆಯ ಬೋಣಿ

ಕುಮಟೆಯ ಮಾರ್ಕೆಟ್ಟನ್ನು ಕೆಡವುತ್ತಾರಂತೆ ಎಂದು ಮೊಮ್ಮಗಳು ಸುದ್ದಿ ತಂದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಸಲ ಜಗುಲಿಗೆ, ಒಂದು ಸಲ ಹಿತ್ತಿಲಿಗೆ, ಮತ್ತೆ ಜಗುಲಿಗೆ. ಮರುದಿನ ಬೆಳಗಾಗುತ್ತಲೇ ಅವಳು ಬೇಸತ್ತು ಕೊಡೆ ತೆಗೆದಳು. "ಬಾ ಮಾರಾಯ್ತಿ, ಹೋಗಿ ಬರ್ವ. ಈ ಮಳೆಯಾಗೆ ಅಲ್ಲಿ ಎಂತ ಅದೆ ನೋಡೂಕೆ? ಒಡೆದ ಹಂಚಾ?" ಕಾಲಲ್ಲಿ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ನನ್ನನ್ನು ಬೈಯುತ್ತಿದ್ದಳು. ಚಕ್ರಕ್ಕೆ ತುಕ್ಕು ಹಿಡಿದಿದೆ, ನಿಂತಿಲ್ಲ.

ಅವಳ ರಟ್ಟೆ ಹಿಡಿದು ಒಳಗೆ ಕಾಲಿಟ್ಟೆ. ಅದೇ ವಾಸನೆ! ತೊಯ್ದ ಚಿರೆಕಲ್ಲಿನದು, ಹರಿವೆ ಸೊಪ್ಪಿನದು, ಇವೆರಡರ ಹಿಂದೆ ಗೋಡೆಯ ಆಚೆಯಿಂದ ಬರುವ ಒಣಮೀನಿನದು. ಮೇಲೆ ಹಂಚಿನ ಮೇಲೆ ಮಳೆಯ ಗದ್ದಲ, ಕೆಳಗೆ ಹೆಂಗಸರ ಗದ್ದಲ. ನಾನು ನಡುಗೋಡೆಯನ್ನು ಕೈಯಿಂದ ಸವರುತ್ತ ನಡೆದೆ. ಕಲ್ಲು, ಕಲ್ಲು, ಕಲ್ಲು, ಆಮೇಲೆ ಕೈ ಒಮ್ಮೆಲೇ ಒಳಗೆ ಹೋಯಿತು. ಕಿಟಕಿ ಇದೆ. ಇನ್ನೂ ಇದೆ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಇದ್ಕೆ ಇಷ್ಟೆಲ್ಲ ಒದ್ದಾಟವಾ?" ಎಂದಳು ಮೊಮ್ಮಗಳು.

"ಕೂತ್ಕ. ಹೇಳ್ತೆ," ಎಂದೆ.

ಈ ಮಾರ್ಕೆಟ್ಟು ಎದ್ದದ್ದು ದೊಡ್ಡ ಯುದ್ಧದ ಕಾಲದಲ್ಲಿ. ಆಗ ನನಗೆ ಮದುವೆಯ ಪ್ರಾಯ. ಅದಕ್ಕೂ ಮೊದಲು ಇಲ್ಲೊಂದು ಗೋಳಿಮರವಿತ್ತು. ಘಟ್ಟದ ಮೇಲಿನಿಂದ ಹತ್ತಿ ಗಾಡಿಗಳು ಇಳಿದು ಬಂದು ಕುಮಟೆಯ ಬಂದರದಲ್ಲಿ ಹಡಗು ತುಂಬುತ್ತಿದ್ದ ಕಾಲದಲ್ಲಿ ಎತ್ತುಗಳನ್ನು ಇದೇ ಮರದಡಿ ಬಿಚ್ಚುತ್ತಿದ್ದರಂತೆ. ಹತ್ತಿ ಹೋಯಿತು, ಗಾಡಿ ಹೋಯಿತು, ನೆರಳು ಉಳಿಯಿತು. ಆ ನೆರಳಲ್ಲಿ ನಮ್ಮಂಥ ಹೆಂಗಸರು ಬುಟ್ಟಿ ಇಟ್ಟು ಕೂರುತ್ತಿದ್ದರು. ಜಾಗವನ್ನು ಯಾರೂ ಬರೆದುಕೊಟ್ಟದ್ದಲ್ಲ. ಅಜ್ಜಿ ಕೂತಲ್ಲಿ ಅವ್ವ, ಅವ್ವ ಕೂತಲ್ಲಿ ಮಗಳೋ ಸೊಸೆಯೋ, ಅಷ್ಟೇ ಕಾಯಿದೆ.

ನಮ್ಮ ಮನೆ ಮಿರ್ಜಾನಿನ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು, ಒಂದು ತುಂಡು ತರಕಾರಿ ಗದ್ದೆ. ಅವ್ವನ ಹೆಸರು ಮಾದೇವಿ. ಮರದಡಿ ಅವ್ವನ ಪಕ್ಕದ ಜಾಗ ಬಾಡ ಊರಿನ ದುರ್ಗಕ್ಕನದು. ಅವಳು ಮಾರುತ್ತಿದ್ದದ್ದು ಒಣಮೀನು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಬೆಳಿಗ್ಗೆ ಗಿರಾಕಿ ಬರುವ ಮೊದಲು ಅವ್ವ ಅವಳಿಗೊಂದು ಕಟ್ಟು ಹರಿವೆ ಕೊಡಬೇಕು, ಅವಳು ಅವ್ವನಿಗೊಂದು ಮುಷ್ಟಿ ಒಣಸೆಟ್ಲಿ ಕೊಡಬೇಕು. ಕೈಯಿಂದ ಕೈಗೆ, ಕಾಸಿನ ಮಾತಿಲ್ಲ. ಅದು ಅವರಿಬ್ಬರ ಬೋಣಿ. ಬೋಣಿ ಆಯಿತೆಂದರೆ ಜಗಳ ಶುರು.

ಅಬ್ಬಬ್ಬಾ, ಆ ಜಗಳ! "ಏ ಗೋ ಮಾದೇವಿ, ಸೊಕ್ಕು ತಲೆಗೇರಿತೇನೆ? ಪೋಸ್ಟಿನ ರಾಯರು ಎದುರಿಗೆ ಬಂದು ನಿಂತಾರೆ, ಎಡಗಡೆ ಬುಟ್ಟಿಯ ಬದನೆ ಮುಟ್ತಾ ಅದಾರೆ, ನೀ ಆಕಾಶ ನೋಡ್ತಾ ಕೂತಿಯಲ್ಲೆ!"

"ಮುಚ್ಚೇ ಬಾಯಿ. ನಿನ್ನ ಮೀನಿನ ಮೇಲಿನ ನೊಣ ಹೊಡ್ಕ ನೀನು. ಬನ್ನಿ ರಾಯರೇ, ಬದನೆ ಈಗಷ್ಟೇ ಕೊಯ್ದದ್ದು."

ದಿನವಿಡೀ ಹೀಗೆ. ಗಿರಾಕಿಗಳು ನಗುತ್ತಿದ್ದರು. ಕೆಲವರು ಈ ಹಾವು ಮುಂಗುಸಿ ನೋಡಲೆಂದೇ ಬರುತ್ತಿದ್ದರು. ನನಗೆ ಮಾತ್ರ ಮಾನ ಹೋದಂತಾಗುತ್ತಿತ್ತು. ಹೊರೆ ಇಳಿಸಿ, ಸೆರಗು ಕೊಡವಿ, ಅಲ್ಲಿಂದ ಓಡಿಹೋಗುತ್ತಿದ್ದೆ.

ಓಡಿಹೋಗಿ ನೋಡುತ್ತಿದ್ದದ್ದು ಈ ಕಟ್ಟಡವನ್ನು. ಆ ವರ್ಷ ಬೇಸಗೆಯಲ್ಲಿ ಗೋಳಿಮರ ಕಡಿದರು. ಪೇಟೆಗೆ ಒಂದು ಪಕ್ಕಾ ಮಾರ್ಕೆಟ್ಟು ಬೇಕು ಎಂದು ದೊಡ್ಡವರು ತೀರ್ಮಾನಿಸಿದ್ದರು. ನಮ್ಮನ್ನು ರಸ್ತೆ ಬದಿಯ ತೆಂಗಿನ ಮಡ್ಲಿನ ಚಪ್ಪರಕ್ಕೆ ಅಟ್ಟಿದರು. ಯುದ್ಧದಿಂದಾಗಿ ಕಬ್ಬಿಣ ಸಿಗುವುದಿಲ್ಲ, ಸಿಮೆಂಟು ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಕಂಬ ತೊಲೆಗಳೆಲ್ಲ ಮರದವು. ಶರಾವತಿಯಲ್ಲಿ ತೇಲಿಸಿ ಹೊನ್ನಾವರಕ್ಕೆ, ಅಲ್ಲಿಂದ ಮಚವೆ ದೋಣಿಯಲ್ಲಿ ಕುಮಟೆಗೆ ತಂದರು. ಗೋಡೆಗೆ ಕಲ್ಲು ಬಿದ್ದುಹೋದ ಹತ್ತಿ ವಖಾರಿಯದು. ಸುಣ್ಣ ಅಘನಾಶಿನಿಯ ಚಿಪ್ಪಿ ಸುಟ್ಟು ಮಾಡಿದ್ದು. ಅದಕ್ಕೆ ಬೆಲ್ಲದ ನೀರು ಹಾಕಿ ಅರೆಯುವಾಗ ಪೇಟೆಯ ನೊಣಗಳೆಲ್ಲ ಅಲ್ಲೇ. ಮಳೆಗಾಲಕ್ಕೆ ಕಡಲು ಮುಚ್ಚುವ ಮೊದಲು ಮಂಗಳೂರಿನಿಂದ ಹಂಚು ಬರಬೇಕಿತ್ತು. ಹಂಚಿನ ದೋಣಿ ಇವತ್ತು ಬಂದೀತು, ನಾಳೆ ಬಂದೀತು ಎಂದು ಊರಿಗೂರೇ ಬಂದರದ ಕಡೆ ನೋಡುತ್ತಿತ್ತು. ಮೃಗಶಿರ ಮಳೆ ಹನಿಯುವ ಹೊತ್ತಿಗೆ ಬಂತು. ಒಂದರ ಮೇಲೊಂದು ಕೂತ ಎರಡು ಮಾಡು, ನಡುವೆ ಬಿಸಿಗಾಳಿ ಹೋಗಲು ಸಂದು, ಅಲ್ಲಲ್ಲಿ ಗಾಜಿನ ಹಂಚು. ಗಾಜಿನ ಹಂಚಿನಿಂದ ಬೆಳಕು ನೆಲಕ್ಕೆ ಇಳಿಯುವುದನ್ನು ಮೊದಲ ಸಲ ನೋಡಿ ನಾನು ಅದರ ಅಡಿಯಲ್ಲಿ ನಿಂತು ಕೈಯೊಡ್ಡಿದ್ದೆ.

ಅಲ್ಲಿ ನನ್ನನ್ನು ನೋಡಿದವರು ಈರಯ್ಯ ಮೇಸ್ತ್ರಿ. ಹೊನ್ನಾವರದವರು, ಕಲ್ಲು ಕಟ್ಟುವ ಕೆಲಸದ ಯಜಮಾನರು. ಮಧ್ಯಾಹ್ನ ಅವ್ವನ ಬುಟ್ಟಿಯಿಂದ ಸವತೆಕಾಯಿ ತೆಗೆದುಕೊಂಡು, ಉಪ್ಪು ಸವರಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ತಿನ್ನುತ್ತಿದ್ದರು. ಒಂದು ದಿನ ಅವ್ವನಿಗೆ ಹೇಳಿದರು, "ನನ್ನ ಅಕ್ಕನ ಮಗ ಒಬ್ಬ ಅವ್ನೆ. ಹೊಳೆ ದಾಟ್ಸೂ ತಾರಿ ದೋಣಿ ಹಾಕ್ತ. ನಿನ್ನ ಮಗಳು ಚುರುಕು ಅದೆ. ಚೌತಿ ಕಳೀಲಿ, ಅಕ್ಕನ್ನ ಕರ್ಕಂಡು ಬತ್ತೆ."

ಆ ಹುಡುಗನನ್ನು ನಾನು ನೋಡಿದ್ದೆ. ಮರ ತಂದ ಮಚವೆಯಲ್ಲಿ ಬಂದಿದ್ದ. ತೊಲೆ ಹೊತ್ತು ನಡೆಯುವಾಗಲೂ ಏನೋ ಹಾಡು ಗುನುಗುತ್ತಿದ್ದ. ನನ್ನ ಕೈಯಿಂದ ನೀರು ಇಸಿದುಕೊಂಡು ಕುಡಿದು, "ನಿಮ್ಮೂರ ನೀರು ಸಿಹಿ ಅದೆ" ಎಂದಿದ್ದ. ಉಪ್ಪು ನೀರು ಅದು! ಸುಳ್ಳ. ಎಷ್ಟು ದಿನ ಆ ಒಂದು ಮಾತು ಇಟ್ಟುಕೊಂಡು ಒಬ್ಬಳೇ ನಕ್ಕಿದ್ದೇನೋ. ರಾತ್ರಿ ಮಗ್ಗುಲು ಬದಲಿಸಿ ಬದಲಿಸಿ ಚಾಪೆ ಸವೆಯಿತು. ಚೌತಿ ಯಾವಾಗ ಬಂದೀತು ಎಂದು ನನಗೆ ಒಂದೇ ತವಕ.

ಹೀಗಿರುವಾಗ ಆರಿದ್ರ ಮಳೆಯಲ್ಲಿ ದುರ್ಗಕ್ಕನಿಗೆ ಜ್ವರ ಬಂತು. ಅವಳ ಜಾಗ ಖಾಲಿ. ಇವತ್ತಾದರೂ ಮರ್ಯಾದೆಯಿಂದ ಕೂರಬಹುದು ಎಂದು ನಾನೂ ಅವ್ವನ ಹಿಂದೆ ಕೂತೆ. ಪೋಸ್ಟಿನ ರಾಯರು ಬಂದರು. ಬಿಳಿ ಮೀಸೆ, ಕಪ್ಪು ಟೊಪ್ಪಿ, ಅವ್ವ ಎಷ್ಟು ವರ್ಷದಿಂದ ನೋಡಿದ ಮುಖ. ಏನೂ ಮಾತಾಡದೆ ಬುಟ್ಟಿಯ ಮುಂದೆ ನಿಂತರು. ಅವ್ವ ತಲೆ ಎತ್ತಿ ಅವರನ್ನೇ ನೋಡಿ ಕೇಳಿದಳು, "ಎಂತ ಬೇಕು ತಂಗಿ?"

ರಾಯರು ತಮಾಷೆ ಎಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಮಿರ್ಜಾನಿನಿಂದ ಬರುವಾಗ ಯಾವಾಗಲೂ ಮುಂದೆ ನಡೆಯುತ್ತಿದ್ದ ಅವ್ವ ಈಚೆಗೆ "ನೀ ಮುಂದೆ ನಡಿ" ಎಂದು ನನ್ನ ಸೆರಗಿನ ತುದಿ ಹಿಡಿಯುತ್ತಿದ್ದದ್ದು, ಹರಿವೆಯನ್ನೂ ಬಸಳೆಯನ್ನೂ ಮೂಸಿ ನೋಡಿ ಬೇರೆ ಮಾಡುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ದುರ್ಗಕ್ಕನ ಬೈಗುಳ ನೆನಪಾಯಿತು. ಯಾರು ಬಂದರು, ಎಲ್ಲಿ ನಿಂತರು, ಯಾವ ಬುಟ್ಟಿಗೆ ಕೈಯಿಟ್ಟರು, ಅಷ್ಟೂ ಆ ಬೈಗುಳದೊಳಗೇ ಇರುತ್ತಿತ್ತು! ಕಣ್ಣಿದ್ದ ನಾನು ಕುರುಡಿಯಾಗಿದ್ದೆ.

ಸಂಜೆ ದಾರಿಯಲ್ಲಿ ಕೇಳಿದೆ. ಅವ್ವ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಬೆಳಕು ಕಾಣ್ತದೆ. ಆಳು ಕಾಣೂದಿಲ್ಲ," ಎಂದಳು. "ನನ್ನ ಅವ್ವಂಗೂ ಹಿಂಗೇ ಆಗಿತ್ತು. ಬಾಯಿ ಬಿಟ್ರೆ ನೋಡು ಮತ್ತೆ. ಕುರುಡಿ ಮಗಳನ್ನ ಯಾರು ತಕಂಡು ಹೋಗ್ತ್ರು? ಮೇಸ್ತ್ರಿ ಕಿವಿಗಂತೂ ಬೀಳೂಕೇ ಆಗದು."

"ನಾ ಪಕ್ಕದಾಗೆ ಕೂತ್ಕಂಡು ಹೇಳ್ತೆ ಅವ್ವಾ."

"ನೀ ಮದುವೆ ಆಗಿ ಹೋಗುವವಳು. ಮತ್ತೆ, ಮಗಳು ಕಿವಿಯಾಗೆ ಪಿಸುಗುಟ್ಟಿದ್ರೆ ಊರಿಗೆಲ್ಲ ತಿಳೀತದೆ. ಬೈಗುಳಕ್ಕೆ ಯಾರೂ ಸಂಶಯ ಪಡೂದಿಲ್ಲ."

ದುರ್ಗಕ್ಕ ಜ್ವರ ಬಿಟ್ಟು ಬಂದಾಗ ನಾನು ಅವಳ ಕಾಲು ಹಿಡಿಯಬೇಕೆಂದಿದ್ದೆ. ಅವಳು ನನ್ನ ಮುಖ ನೋಡುತ್ತಲೇ ತಿಳಿದುಕೊಂಡು, "ಎಂತ ಹಲ್ಲಿ ಹಂಗೆ ನೋಡ್ತಿಯೆ, ಹೋಗು ಕೆಲಸ ನೋಡ್ಕ" ಎಂದು ಅಟ್ಟಿದಳು.

ಆ ಹೊತ್ತಿಗೆ ಹೊಸ ಮಾರ್ಕೆಟ್ಟಿನ ಒಳಗೆ ನಡುಗೋಡೆಯ ಪಾಯ ತೆಗೆದಿದ್ದರು. ತರಕಾರಿ ಒಂದು ಕಡೆ, ಮೀನು ಒಂದು ಕಡೆ. ಮೀನಿನ ವಾಸನೆ ಆಗದ ಗಿರಾಕಿಗಳು ಹಾಗೆ ಬೇಕೆಂದರಂತೆ. ಪುಣ್ಯಕ್ಕೆ ನಕ್ಷೆಯಲ್ಲಿ ಗೋಡೆ ಎದೆಮಟ್ಟ ಮಾತ್ರ. ಗೋಡೆಯ ಆಚೆ ಈಚೆ ಕೂತರೆ ದುರ್ಗಕ್ಕ ಎದ್ದು ನಿಂತು ಬೈಯಬಹುದಿತ್ತು. ಆದರೂ ಇಬ್ಬರಿಗೂ ಸಮಾಧಾನವಿಲ್ಲ. ಆಚೆ ಈಚೆಯಾದರೂ ಅಕ್ಕಪಕ್ಕದ ಜಾಗವೇ ಸಿಗಬೇಕಲ್ಲ! ಕೆಲಸ ನೋಡಿಕೊಳ್ಳುವ ಓವರ್ಸೀಯರ್ ಸಾಹೇಬರನ್ನೇ ಕೇಳುವುದು ಎಂದು ಹೊರಟರು. ಜೊತೆಗೆ ನಾನು.

ಸಾಹೇಬರು ಧಾರವಾಡ ಕಡೆಯವರು, ಒಳ್ಳೆಯ ಮನುಷ್ಯ. "ಏನವಾ, ಏನಾಗಬೇಕು?" ಎಂದು ಕೇಳಿದರು.

"ನೀ ಹೇಳೇ," ಎಂದಳು ಅವ್ವ.

"ನಾ ಎಂತಕೆ? ನೀನೇ ಕೇಳ್ತೆ ಅಂದಿದ್ಯಲ್ಲೆ ದಾರಿಯಾಗೆ?"

"ದಾರಿಯಾಗೆ ಬಾಯಿ ಬಡ್ಕಂಡವಳು ನೀನು. ಈಗ ನಾಲಿಗೆ ಬಿದ್ದು ಹೋಯ್ತಾ?"

"ನನ್ನ ನಾಲಿಗೆ ಬಿದ್ದು ಹೋದ್ರೆ ನಿನ್ನ ಗತಿ ಎಂತದೆ ಗೊತ್ತದೆಯೇನೆ?"

ಆಯಿತಲ್ಲ! ರೂಢಿ ನೋಡಿ. ಬಂದ ಕೆಲಸ ಮರೆತು ಅಲ್ಲೇ ಸೆರಗು ಬಿಗಿದು ನಿಂತರು. ಕಲ್ಲು ಹೊರುವವರು ಹೊರೆ ಇಳಿಸಿ ನೋಡತೊಡಗಿದರು. ನಾನು ಇಬ್ಬರ ಸೆರಗನ್ನೂ ಎಳೆದೆ, ಕೇಳಬೇಕಲ್ಲ. ಸಾಹೇಬರು ಎರಡೂ ಕಿವಿ ಮುಚ್ಚಿಕೊಂಡು ಮೇಸ್ತ್ರಿಯನ್ನು ಕರೆದರು. "ಈರಯ್ಯಾ, ಈ ಗ್ವಾಡಿ ಎದಿಮಟ್ಟ ಸಾಲೂದಿಲ್ಲೋ ಮಾರಾಯಾ. ತಲಿ ಮ್ಯಾಲೆ ಹೋಗಲಿ. ಪಾಪ, ಈ ಇಬ್ಬರು ತಾಯಂದಿರಿಗೂ ಇನ್ನರೆ ನೆಮ್ಮದಿ ಆಗಲಿ."

ಇಬ್ಬರ ಬಾಯಿಯೂ ಒಟ್ಟಿಗೆ ಮುಚ್ಚಿತು. ಸಾಹೇಬರು ಪುಣ್ಯದ ಕೆಲಸ ಮಾಡಿದವರಂತೆ ನಗುತ್ತ ಹೋದರು. ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಅವ್ವ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ.

ಆಮೇಲಿನ ದಿನಗಳಲ್ಲಿ ಗೋಡೆ ಏರಿತು, ನನ್ನ ನಿದ್ದೆ ಇಳಿಯಿತು. ಪುನರ್ವಸುವಿನಲ್ಲಿ ಸೊಂಟದಷ್ಟು, ಪುಷ್ಯ ಮಳೆಯಲ್ಲಿ ಎದೆಯಷ್ಟು. ದಿನಾ ಹೊರೆ ಇಳಿಸಿ ಓಡಿಹೋಗಿ ಗೋಡೆಗೆ ಮೈ ತಾಗಿಸಿ ಅಳೆಯುತ್ತಿದ್ದೆ. ಸಾಹೇಬರಿಗೆ ಹೇಳೋಣವೆಂದರೆ ಅವರು ಕಚೇರಿಯಲ್ಲಿ ನಾಲ್ಕು ಜನರಿಗೆ ಹೇಳದೆ ಇರುವವರಲ್ಲ. ಗೋಡೆಯಲ್ಲೊಂದು ತೂತು ಬಿಡುವುದು ಸಾಧ್ಯವಿದ್ದವರು ಒಬ್ಬರೇ, ಈರಯ್ಯ ಮೇಸ್ತ್ರಿ. ಯಾರ ಕಿವಿಗೆ ಬೀಳಬಾರದೋ ಅವರೇ. ಅತ್ತ ದರಿ, ಇತ್ತ ಪುಲಿ. ತಾರಿಯ ಹುಡುಗನ ನಗು ನೆನೆಸಿಕೊಂಡರೆ ಬಾಯಿ ಕಟ್ಟುತ್ತಿತ್ತು. ಅವ್ವ ಸೆರಗು ಹಿಡಿದು ಹಿಂದೆ ನಡೆಯುವಾಗ ಎದೆ ಒಡೆಯುತ್ತಿತ್ತು. ದೇವರೇ, ಮಳೆ ಜೋರಾಗಿ ಗೋಡೆ ಬಿದ್ದಾದರೂ ಹೋಗಲಿ ಎಂದು ಹರಕೆ ಹೊತ್ತೆ. ಬೆಲ್ಲ ಹಾಕಿ ಅರೆದ ಸುಣ್ಣ, ಬೀಳುತ್ತದೆಯೇ?

ಆಶ್ಲೇಷ ಮಳೆ ಶುರುವಾದ ದಿನ ಗೋಡೆ ನನ್ನ ಗದ್ದಕ್ಕೆ ಬಂದಿತ್ತು. ಅವ್ವ ಕೂರಬೇಕಾದ ಜಾಗದ ನೇರಕ್ಕೇ ಮೇಸ್ತ್ರಿ ಕಲ್ಲು ಇಡುತ್ತಿದ್ದರು. ಬೇರೆಯವರು ಊಟಕ್ಕೆ ಹೋಗಿದ್ದರು. ನಾನು ಹೋಗಿ ನಿಂತೆ.

"ಮೇಸ್ತ್ರಿ, ಇಲ್ಲೊಂದು ಕಿಟಕಿ ಬಿಡಿ."

"ನಕ್ಷೆಯಾಗೆ ಇಲ್ಲಾ ತಂಗಿ."

"ಅವ್ವಂಗೆ ಕಣ್ಣು ಕಾಣೂದಿಲ್ಲ. ದುರ್ಗಕ್ಕನ ಬೈಗುಳವೇ ಅವಳ ಕಣ್ಣು. ಗೋಡೆ ಎದ್ದು ದುರ್ಗಕ್ಕಂಗೆ ಈಚೆಯ ಗಿರಾಕಿ ಕಾಣದಿದ್ರೆ ಅವ್ವ ಮಾರೂಕೆ ಕೂರೂಕೆ ಆಗೂದಿಲ್ಲ. ಬೋಣಿಗೆ ಕೈ ತೂರಿದ್ರೆ ಸಾಕು, ಅಷ್ಟು ಬಿಡಿ."

ಹೇಳಿಬಿಟ್ಟೆ. ಒಂದೇ ಉಸಿರಿಗೆ. ಮೇಸ್ತ್ರಿ ಕರಣೆ ಕೆಳಗಿಡಲಿಲ್ಲ, ಸುಣ್ಣವನ್ನು ಸವರುತ್ತಲೇ ಇದ್ದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

"ಇದು ಅವ್ವಂಗೆ ಮಾತ್ರವಾ? ಅಜ್ಜಿಗೂ ಇತ್ತಾ?"

ಇಲ್ಲ ಎನ್ನಬಹುದಿತ್ತು. ಒಂದು ಮಾತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಷ್ಟು ದಿನ ಬಾಯಿ ಕಟ್ಟಿಕೊಂಡು ನನಗೆ ಸಾಕಾಗಿಹೋಗಿತ್ತು. "ಇತ್ತು," ಎಂದೆ.

ಮೇಸ್ತ್ರಿ ಕೈಯಲ್ಲಿದ್ದ ಕಲ್ಲನ್ನು ಪಕ್ಕಕ್ಕಿಟ್ಟರು. "ಕಿಟಕಿ ಬಿಡ್ತೆ. ಸಾಹೇಬರು ಕೇಳಿದ್ರೆ ಗಾಳಿಗೆ ಅಂತ ಹೇಳ್ತೆ. ಯಾರಿಗೂ ಹೇಳೂದಿಲ್ಲ, ನನ್ನ ಕೈಯಾಗಿನ ಈ ಕರಣೆ ಆಣೆ." ತಲೆ ತಗ್ಗಿಸಿ ಹೇಳಿದರು, "ಆ ಇನ್ನೊಂದು ಮಾತು ಮಾತ್ರ ಇಲ್ಲಿಗೆ ಬಿಡ್ವ ತಂಗಿ. ಅಕ್ಕಂಗೆ ಅವ ಒಬ್ನೇ ಮಗ."

"ಆತು," ಎಂದೆ. ಬೇರೆ ಏನು ಹೇಳಲಿ? ಹಿಂದಿನ ಬಾಗಿಲಿನಿಂದ ಹೊರಬಿದ್ದು ಮಳೆಯಲ್ಲಿ ಬಂದರದವರೆಗೆ ನಡೆದೆ, ಅಲ್ಲಿಂದ ಮತ್ತೆ ಪೇಟೆಗೆ, ಪೇಟೆಯಿಂದ ಮತ್ತೆ ಬಂದರಕ್ಕೆ. ಮಳೆಯಲ್ಲಿ ಅತ್ತರೆ ಒಂದು ಉಪಕಾರ, ಯಾರಿಗೂ ಕಾಣುವುದಿಲ್ಲ. ನನಗೆ ಮೇಸ್ತ್ರಿಯ ಮೇಲೆ ಸಿಟ್ಟು ಬಂತು, ಅವ್ವನ ಮೇಲೆ ಬಂತು, ಹುಟ್ಟಿಸಿದ ದೇವರ ಮೇಲೂ ಬಂತು.

ಮರುದಿನ ನೋಡಿದರೆ ಇಟ್ಟ ಕಲ್ಲುಗಳನ್ನೇ ಕಿತ್ತು ಗೋಡೆಯಲ್ಲಿ ಕಿಟಕಿ ಬಿಟ್ಟಿದ್ದರು. ಕೂತವರ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಮೇಲೆ ಪುಟ್ಟ ಕಮಾನು. ಕೈಯಿಡುವ ಕೆಳಗಿನ ಕಲ್ಲನ್ನು ಸುಣ್ಣ ಬಳಿದು, ಹೊಳೆಯ ಗುಂಡುಕಲ್ಲಿನಿಂದ ತಿಕ್ಕಿ ತಿಕ್ಕಿ ಗಾಜಿನಂತೆ ನುಣುಪು ಮಾಡಿದ್ದರು. ಕುರುಡು ಕೈ ತರಚಬಾರದಲ್ಲ. ಆ ನುಣುಪು ಮುಟ್ಟಿದ ಮೇಲೆ ಮೇಸ್ತ್ರಿಯ ಮೇಲಿನ ಸಿಟ್ಟು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

ಚೌತಿ ಸಂತೆಗೆ ಮಾರ್ಕೆಟ್ಟು ತೆರೆಯಿತು. ದುರ್ಗಕ್ಕ ಗೋಡೆಯ ಆಚೆ ತನ್ನ ಮೀನಿನವರೊಡನೆ ದೊಡ್ಡ ಗಲಾಟೆ ಮಾಡಿ ಕಿಟಕಿಯ ಜಾಗವನ್ನೇ ಹಿಡಿದಳು. ಈಚೆ ಅವ್ವನನ್ನು ನಾನು ಕೂರಿಸಿದೆ. ಗಾಜಿನ ಹಂಚಿನ ಬೆಳಕು ನೇರ ಅವಳ ಮಡಿಲಿಗೆ ಬೀಳುತ್ತಿತ್ತು. ಅದನ್ನು ಅವಳು ಕಂಡಳು. ಕಿಟಕಿಯಿಂದ ಸೆಟ್ಲಿ ಹಿಡಿದ ಒಂದು ಕೈ ಈಚೆ ಬಂತು. ಅವ್ವ ತಡಕಾಡಿದಳು, ಸಿಗಲಿಲ್ಲ.

"ಏ ಗೋ ಸೊಕ್ಕಿನವಳೇ! ಬಲಗಡೆ ಕೈ ಚಾಚೂಕೆ ನಿಂಗೆ ಆರತಿ ಎತ್ತಬೇಕೇನೆ?"

ಅವ್ವನ ಮುಖ ನೋಡಬೇಕಿತ್ತು ನೀವು. ಹಬ್ಬ ಅವಳ ಮುಖದಲ್ಲೇ ಇತ್ತು. ಓವರ್ಸೀಯರ್ ಸಾಹೇಬರು ಕಿಟಕಿ ನೋಡಿ ಮೊದಲು ಹುಬ್ಬುಗಂಟಿಕ್ಕಿದರಂತೆ, ಆಮೇಲೆ "ಗಾಳಿಗೆ ಛಲೋ ಆತು" ಎಂದರಂತೆ. ಇವತ್ತಿಗೂ ಕುಮಟೆಯವರು ಹಾಗೇ ಹೇಳುತ್ತಾರೆ.

ಮೇಸ್ತ್ರಿ ಚೌತಿ ಕಳೆದು ಹೊನ್ನಾವರಕ್ಕೆ ಹೋದರು. ಅವರು ಬಾಯಿ ಬಿಡಲಿಲ್ಲ ಎಂದು ನನಗೆ ಗೊತ್ತು, ಯಾಕೆಂದರೆ ಮುಂದೆ ನನಗೊಂದು ಸಂಬಂಧ ಬಂತು, ಮದುವೆ ಆಯಿತು. ಒಳ್ಳೆಯ ಗಂಡ, ನಡಿಗೆ ನಿಧಾನ. ತಾರಿಯ ಹುಡುಗನನ್ನು ಮತ್ತೆ ನೋಡಲಿಲ್ಲ. ಹೊನ್ನಾವರದಲ್ಲಿ ಹೊಳೆ ದಾಟುವಾಗಲೆಲ್ಲ ಹುಟ್ಟು ಹಾಕುವವರ ಮುಖ ನೋಡುವ ಚಟ ಮಾತ್ರ ಬಹಳ ವರ್ಷ ಬಿಡಲಿಲ್ಲ.

ದುರ್ಗಕ್ಕ ತೀರಿಕೊಂಡ ಸುದ್ದಿ ಅವ್ವನಿಗೆ ಯಾರೂ ಹೇಳಬೇಕಾಗಲಿಲ್ಲ. ನಾನು ತವರಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಹರಿವೆ ಕಟ್ಟನ್ನು ಕಿಟಕಿಯಲ್ಲಿಟ್ಟು ಕಾದಳು. ಯಾರೂ ತೆಗೆದುಕೊಳ್ಳಲಿಲ್ಲ, ಯಾರೂ ಬೈಯಲಿಲ್ಲ. ಹಂಚಿನಿಂದ ಬಿಸಿಲು ಅವಳ ಮಡಿಲಿಗೆ ಬಿದ್ದಿತ್ತು. "ಕತ್ತಲಾತು," ಎಂದಳು. "ನಡಿ, ಮನೆಗೆ ಹೋಗ್ವ." ಆಮೇಲೆ ಅವಳು ಮಾರ್ಕೆಟ್ಟಿಗೆ ಬರಲಿಲ್ಲ.

ಇಷ್ಟು ಹೇಳಿ ಮುಗಿಸಿದೆ. ನನ್ನ ಕೈ ಕಿಟಕಿಯ ನುಣುಪು ಕಲ್ಲಿನ ಮೇಲೇ ಇತ್ತು. ಅಷ್ಟರಲ್ಲಿ ಆಚೆಯಿಂದ ಯಾರದೋ ತಣ್ಣನೆಯ ಕೈ ಬಂದು ನನ್ನ ಅಂಗೈಯಲ್ಲಿ ಏನೋ ತುಂಬಿ ಹೋಯಿತು. ಮೂಸಿದೆ. ಒಣಸೆಟ್ಲಿ!

"ಅದು ನಂದು ಅಜ್ಜಿ," ಎಂದು ನಕ್ಕಳು ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ತರಕಾರಿಯ ಹುಡುಗಿ. "ಬೋಣಿ. ಈ ಜಾಗದಾಗೆ ಕೂತವ್ರು ಮೊದ್ಲು ಕಿಟಕಿಯಾಗೆ ಬೋಣಿ ಮಾಡ್ಬೇಕಂತೆ. ಅತ್ತೆ ಹೇಳಿಕೊಟ್ಟದ್ದು."

"ಎಂತಕೆ ಅಂತ ಹೇಳಿದ್ಲಾ?"

"ಅದೆಲ್ಲ ಯಾರಿಗೆ ಗೊತ್ತದೆ?"

"ಬೈಲಿಲ್ವಲ್ಲೆ ನೀವಿಬ್ರೂ?"

"ಬೈಯೂದಾ? ಎಂತಕೆ ಬೈಯೂದು?"

ನಾನು ಕಿಟಕಿಯೊಳಗೆ ತಲೆ ಹಾಕಿ ಕೂಗಿದೆ, "ಏ ಗೋ ಸೊಕ್ಕಿನವಳೇ! ಬೋಣಿಗೆ ಇಷ್ಟೇ ಇಷ್ಟು ಸೆಟ್ಲಿ ಹಾಕೂಕೆ ನಾಚಿಕೆ ಆಗೂದಿಲ್ಲೇನೆ?"

ಆಚೆಯಿಂದ ಎಳೆಯ ಗಂಟಲೊಂದು ಸಿಡಿಯಿತು, "ಯಾರೇ ಅದು? ಮುಷ್ಟಿ ತುಂಬ ಕೊಟ್ಟಿದ್ದೆ, ಕಣ್ಣು ಕಾಣೂದಿಲ್ಲೇನೆ ನಿಂಗೆ?"

ನನಗೆ ನಗು ಬಂತು, ಅಳುವೂ ಬಂತು. ಇಷ್ಟು ದಿನ ಮನೆಯಲ್ಲಿ ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

"ಇಲ್ಲಾ," ಎಂದೆ. "ಕಾಣೂದಿಲ್ಲ. ಬೆಳಕು ಕಾಣ್ತದೆ, ಆಳು ಕಾಣೂದಿಲ್ಲ."

ಮೊಮ್ಮಗಳ ಉಸಿರು ನಿಂತದ್ದು ನನಗೆ ಕೇಳಿಸಿತು. ಅವಳು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಬಾಗಿಲ ತನಕ ನಡೆದೆವು. ಅಲ್ಲಿ ಅವಳು ನಿಂತಳು. ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕೂಗಿದಳು.

"ಏ ಸೊಕ್ಕಿನ ಮುದುಕಿ! ಎದುರಿಗೆ ಮೆಟ್ಟಿಲು ಅದೆ, ಬಲಗಡೆ ಎಮ್ಮೆ ನಿಂತದೆ. ಕಾಲೆತ್ತಿ ಇಡೂಕೆ ನಿಂಗೆ ಆರತಿ ಎತ್ತಬೇಕೇನೆ?"